ಕಾಲೇಜ್ ಫುಟ್‌ಬಾಲ್ ಕ್ವಾರ್ಟರ್‌ಬ್ಯಾಕ್‌ನ ಅಳೆಯೋದು ಹೇಗೆ: ಶನಿವಾರ ನೋಟ್‌ಬುಕ್ ಹಿಡ್ಕೊಂಡು ಟಿವಿ ಮುಂದೆ ಕೂರೋರಿಗೆ

ಅಮೆರಿಕನ್ ಫುಟ್‌ಬಾಲಲ್ಲಿ ಬಾಲ್ ಎಸೆದು ಆಟ ನಡೆಸೋನೇ ಕ್ವಾರ್ಟರ್‌ಬ್ಯಾಕ್. ಒಂದೇ ಹುಡುಗ, ಒಂದೇ ಕಾಲೇಜು, ಎರಡು ವರ್ಷ. 2018ರಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಟೀಮಲ್ಲಿ ಆಡಿದ ಜೋ ಬರೋ ಕಂಪ್ಲೀಷನ್, ಅಂದ್ರೆ ಎಸೆದಿದ್ರಲ್ಲಿ ತಮ್ಮವರು ಹಿಡಿದಿದ್ದು, 57.8%, ಸೀಸನ್ ಪೂರ್ತಿ ಎಸೆದಿದ್ದು 16 ಟಚ್‌ಡೌನ್. ಮಾರನೇ ವರ್ಷ 76.3%, 5,671 ಯಾರ್ಡ್, 60 ಟಚ್‌ಡೌನ್, ಬರೀ 6 ಇಂಟರ್‌ಸೆಪ್ಷನ್ (ಎದುರಾಳಿ ಕೈಗೆ ಸಿಕ್ಕ ಪಾಸ್), ಆಡಿದ 15 ಮ್ಯಾಚೂ ಗೆಲುವು, ಕಾಲೇಜ್ ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡೋ ಹೈಸ್ಮನ್ ಟ್ರೋಫಿ, ಅದಾದ್ಮೇಲೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಟೀಮುಗಳು ಹೊಸ ಹುಡುಗರನ್ನ ಆರಿಸೋ 2020ರ ಡ್ರಾಫ್ಟಲ್ಲಿ ಎಲ್ಲರಿಗಿಂತ ಮೊದಲು ಕೂಗಿದ ಹೆಸರು. ಹಾಗಾದ್ರೆ 2018ರಲ್ಲಿ ಅವನಲ್ಲಿ ಏನೂ ಇರ್ಲಿಲ್ವಾ? ಇತ್ತು. ಸ್ಕೋರ್‌ಕಾರ್ಡಲ್ಲಿ ಕಾಣ್ತಿರ್ಲಿಲ್ಲ ಅಷ್ಟೇ. ಅದನ್ನ ಕಣ್ಣಿಂದ ಹೇಗೆ ಹಿಡಿಯೋದು ಅಂತ ಹೇಳೋಕೇ ಇದನ್ನ ಬರೀತಿದೀನಿ.

ನಾನು ಓದೋಕೆ ಅಂತ ಅಮೆರಿಕಾಗೆ ಬಂದಾಗ ಈ ಆಟದ ತಲೆಬುಡ ಗೊತ್ತಿರ್ಲಿಲ್ಲ, ನಮ್ಮದೆಲ್ಲ ಕ್ರಿಕೆಟ್ ಕಣ್ಣು. ಆಗ ಪಕ್ಕದ ಮನೆಲಿದ್ದ ಒಬ್ಬ ವಯಸ್ಸಾದ ಹೈಸ್ಕೂಲ್ ಕೋಚ್, ನಾವೆಲ್ಲ ಅವರನ್ನ ಕೋಚ್ ಅಂತಲೇ ಕರೀತಿದ್ವಿ, ಶನಿವಾರ ಶನಿವಾರ ಪಕ್ಕದಲ್ಲಿ ಕೂರಿಸ್ಕೊಂಡು ಒಂದೊಂದೇ ತೋರಿಸ್ಕೊಟ್ರು. ಕೆಳಗೆ ಬರೆದಿರೋದ್ರಲ್ಲಿ ಅರ್ಧ ಅವರಿಂದ ಕಲಿತಿದ್ದು, ಇನ್ನರ್ಧ ತಪ್ಪು ಲೆಕ್ಕ ಹಾಕಿ ಹಾಕಿ ಕಲಿತಿದ್ದು. ನಾಲ್ಕು ಡೌನ್, ಹತ್ತು ಯಾರ್ಡ್ ಅನ್ನೋಷ್ಟು ನಿಮಗೆ ಗೊತ್ತಿದೆ ಅನ್ಕೊಂಡು ಮುಂದೆ ಹೋಗ್ತೀನಿ.

ಹೆಜ್ಜೆ 1: ಮ್ಯಾಚ್ ಆರಿಸ್ಕೊಳ್ಳಿ, ಹೈಲೈಟ್ಸ್ ಪಕ್ಕಕ್ಕಿಡಿ

ಹೈಲೈಟ್ಸ್ ನೋಡಿ ಕ್ವಾರ್ಟರ್‌ಬ್ಯಾಕ್‌ನ ಅಳೆಯೋದು ಅಂದ್ರೆ ಮದುವೆ ಆಲ್ಬಂ ನೋಡಿ ಸಂಸಾರ ಹೇಗಿದೆ ಅಂತ ಹೇಳ್ದಂಗೆ. ಒಬ್ಬ ಹುಡುಗನ ಬಗ್ಗೆ ಬಾಯಿ ಬಿಡೋ ಮುಂಚೆ ಕನಿಷ್ಠ ನಾಲ್ಕು ಮ್ಯಾಚ್ ಪೂರ್ತಿ ನೋಡಿ. ಒಂದು ಅವನು ಸೋತಿರೋ ಮ್ಯಾಚ್, ಒಂದು ಬೇರೆ ಊರಲ್ಲಿ ಬಲವಾದ ಡಿಫೆನ್ಸ್ ಎದುರು ಆಡಿದ್ದು, ಒಂದು ಮಾಮೂಲಿ ಮ್ಯಾಚ್, ಇನ್ನೊಂದು ಸೀಸನ್ ಕೊನೆಯದು. ಸೋತ ಮ್ಯಾಚನ್ನೇ ಮೊದಲು ನೋಡಿ ಅಂತೀನಿ ನಾನು, ಯಾಕಂದ್ರೆ ಗೆದ್ದ ಮ್ಯಾಚಲ್ಲಿ ಪ್ಲಾನ್ ಎಲ್ಲಾ ನೆಟ್ಟಗೆ ನಡೆದಿರತ್ತೆ, ಪ್ಲಾನ್ ಕೈಕೊಟ್ಟಾಗ ಹುಡುಗ ಏನ್ಮಾಡ್ತಾನೆ ಅಂತ ಗೊತ್ತಾಗೋದು ಸೋತಾಗಲೇ.

ಟಿವಿ ಕ್ಯಾಮೆರಾದ ಒಂದು ತೊಂದರೆ ಇದೆ. ಅದು ಬಾಲ್ ಹಿಂದೆ ಓಡತ್ತೆ, ದೂರ ಓಡ್ತಿರೋ ರಿಸೀವರ್‌ಗಳು (ಪಾಸ್ ಹಿಡಿಯೋರು) ಫ್ರೇಮಿಂದ ಆಚೆ ಹೋಗ್ಬಿಡ್ತಾರೆ. 22 ಜನರೂ ಕಾಣೋ ಕೋಚ್‌ಗಳ ಫಿಲ್ಮ್ ಕಾಲೇಜ್ ಮಟ್ಟದಲ್ಲಿ ನಮ್ಮಂಥೋರಿಗೆ ಸಿಗೋದು ಕಷ್ಟ. ಅದಕ್ಕೆ ಎಂಡ್ ಝೋನ್ (ಮೈದಾನದ ತುದಿಯ ಟಚ್‌ಡೌನ್ ಜಾಗ) ಹಿಂದಿನಿಂದ ತೋರಿಸೋ ರೀಪ್ಲೇ ಬಂದಾಗೆಲ್ಲ ನಿಲ್ಲಿಸಿ ನೋಡಿ, ಪಾಕೆಟ್ಟೂ (ಕಾಯೋರು ಸುತ್ತ ನಿಂತು ಕ್ವಾರ್ಟರ್‌ಬ್ಯಾಕಿಗೆ ಮಾಡಿಕೊಡೋ ಜಾಗ) ಕಾಲೂ ಎರಡೂ ಅಲ್ಲೇ ಚೆನ್ನಾಗಿ ಕಾಣೋದು.

ನೋಟ್‌ಬುಕ್ಕಲ್ಲಿ ಒಂದೊಂದು ಎಸೆತಕ್ಕೆ ಒಂದೊಂದು ಸಾಲು. ಎಷ್ಟನೇ ಡೌನ್, ಎಷ್ಟು ಯಾರ್ಡ್ ಬೇಕಿತ್ತು, ಮೈಮೇಲೆ ಯಾರಾದ್ರೂ ಬಂದ್ರಾ, ಮೊದಲು ಯಾರನ್ನ ನೋಡಿದ, ಕೊನೆಗೆ ಯಾರಿಗೆ ಎಸೆದ, ಬಾಲ್ ಹೋಗಿ ಎಲ್ಲಿ ಬಿತ್ತು. ಕೊನೆ ಕಾಲಮ್ಮಲ್ಲಿ ಎರಡು ಗುರುತು ಹಾಕಿ, ನಿರ್ಧಾರಕ್ಕೆ ಒಂದು, ಫಲಿತಾಂಶಕ್ಕೆ ಒಂದು. ಇದನ್ನ ಯಾಕೆ ಬೇರೆ ಮಾಡ್ಬೇಕು ಅಂತ ಮುಂದೆ ಹೇಳ್ತೀನಿ, ನನ್ನ ಲೆಕ್ಕದಲ್ಲಿ ಇಡೀ ಕೆಲಸದ ಜೀವ ಇರೋದೇ ಆ ಎರಡು ಗುರುತಲ್ಲಿ.

ಹೆಜ್ಜೆ 2: ಅವನಿರೋ ಅಫೆನ್ಸ್ ಅವನಿಂದ ಏನು ಕೇಳತ್ತೆ ಅಂತ ತಿಳ್ಕೊಳ್ಳಿ

ಕಾಲೇಜಲ್ಲಿ ಒಂದೊಂದು ಟೀಮೂ ಒಂದೊಂದು ಥರ ಆಡತ್ತೆ. ಹ್ಯಾಲ್ ಮಮ್ಮಿ, ಮೈಕ್ ಲೀಚ್ ಬೆಳೆಸಿದ ಏರ್ ರೇಡ್ ಇದೆ, ಅದ್ರಲ್ಲಿ ಕೆಲವೇ ಕೆಲವು ಪ್ಲೇ, ಅವನ್ನೇ ನೂರಾರು ಸಲ ಪ್ರಾಕ್ಟೀಸ್ ಮಾಡಿ ಮ್ಯಾಚಿಗೆ 50 ಸಲ ಬಾಲ್ ಎಸೆಯೋದು. ಆರ್‌ಪಿಒ (ರನ್-ಪಾಸ್ ಆಪ್ಷನ್) ಇದೆ, ಅಂದ್ರೆ ಒಬ್ಬ ಡಿಫೆಂಡರ್‌ನ ನೋಡೋದು, ಅವನು ಮುಂದೆ ಬಂದ್ರೆ ಪಾಸು, ಹಿಂದೆ ನಿಂತ್ರೆ ರನ್ನಿಂಗ್ ಬ್ಯಾಕ್ ಕೈಗೆ ಕೊಡೋದು. ಸ್ಕ್ರೀನ್ ಪಾಸೇ ಜಾಸ್ತಿ ಇರೋ ಟೀಮುಗಳಿವೆ, ಅಲ್ಲಿ ಬಾಲ್ ಗಾಳಿಯಲ್ಲಿ ಹೋಗೋದು ನಾಲ್ಕು ಯಾರ್ಡ್, ರಿಸೀವರ್ ಓಡಿ 40 ಯಾರ್ಡ್ ಮಾಡ್ತಾನೆ, ಕ್ರೆಡಿಟ್ ಮಾತ್ರ ಕ್ವಾರ್ಟರ್‌ಬ್ಯಾಕ್ ಖಾತೆಗೆ.

ಇದ್ಯಾವುದೂ ಹುಡುಗನ ತಪ್ಪಲ್ಲ. ಕೇಳಿದ್ದನ್ನ ಅವನು ಮಾಡ್ತಿದಾನೆ. ಆದ್ರೆ ನಾವು ಅಳೀತಿರೋದು ಮುಂದೆ ಕಷ್ಟದ ಕೆಲಸ ಕೊಟ್ರೆ ಮಾಡ್ತಾನಾ ಅನ್ನೋದನ್ನ. ಹಾಗಾಗಿ ನೋಟ್‌ಬುಕ್ಕಲ್ಲಿ ಸ್ಕ್ರೀನ್ ಮತ್ತೆ ಆರ್‌ಪಿಒ ಎಸೆತಗಳನ್ನ ಬೇರೆ ಬಣ್ಣದ ಪೆನ್ನಲ್ಲಿ ಬರ್ಕೊಳ್ಳಿ, ಕೊನೆಗೆ ಅವನ್ನ ತೆಗೆದುಹಾಕಿ ಉಳಿದಿದ್ದನ್ನ ನೋಡಿ. 35 ಎಸೆತದಲ್ಲಿ ನಿಜವಾಗ್ಲೂ ಹಿಂದೆ ಹೆಜ್ಜೆ ಹಾಕಿ, ನೋಡಿ, ಎಸೆದಿದ್ದು 16 ಅಂತ ಸಿಕ್ಕಿದ್ರೆ ನಿಮ್ಮ ಪರೀಕ್ಷೆ ಆ 16ರ ಮೇಲೆ.

ಆದ್ರೆ ಸಿಸ್ಟಮ್ ಕ್ವಾರ್ಟರ್‌ಬ್ಯಾಕ್ ಅನ್ನೋ ಲೇಬಲ್ ಹಚ್ಚಿ ತಳ್ಳಿಹಾಕೋದೂ ಅನ್ಯಾಯವೇ. ಹ್ಯೂಸ್ಟನ್ ಯೂನಿವರ್ಸಿಟಿಯ ಕೇಸ್ ಕೀನಮ್ 19,217 ಯಾರ್ಡ್ ಎಸೆದು ಕಾಲೇಜ್ ಫುಟ್‌ಬಾಲ್‌ ದಾಖಲೆ ಮಾಡಿದ, 2012ರ ಡ್ರಾಫ್ಟಲ್ಲಿ ಒಬ್ರೂ ಅವನ ಹೆಸರು ಕೂಗ್ಲಿಲ್ಲ. ಅದೇ ಹುಡುಗ 2017ರ ಸೀಸನ್‌ನಲ್ಲಿ ಮಿನೆಸೋಟಾ ವೈಕಿಂಗ್ಸ್‌ನ ಎನ್‌ಎಫ್‌ಸಿ ಫೈನಲ್, ಅಂದ್ರೆ ಸೂಪರ್ ಬೌಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಮ್ಯಾಚ್ ತನಕ ಕರ್ಕೊಂಡು ಹೋದ. ದಾಖಲೆ ನೋಡಿ ತಲೆಮೇಲೆ ಹೊತ್ಕೊಳ್ಳೋದೂ ಬೇಡ, ಸಿಸ್ಟಮ್ ನೋಡಿ ಕಸದ ಬುಟ್ಟಿಗೆ ಹಾಕೋದೂ ಬೇಡ.

ಇಲ್ಲೇ ಇನ್ನೊಂದು ವಿಷಯ ನೋಡ್ಕೊಳ್ಳಿ, ಸ್ನ್ಯಾಪಿಗೆ (ಬಾಲ್ ಹಿಂದಕ್ಕೆ ಕೊಟ್ಟು ಪ್ಲೇ ಶುರು ಮಾಡೋದು) ಮುಂಚೆ ಇಡೀ ಟೀಮ್ ಸೈಡ್‌ಲೈನ್ ಕಡೆ ತಿರುಗಿ ಕೋಚ್ ಮುಖ ನೋಡತ್ತಾ ಅಥವಾ ಕ್ವಾರ್ಟರ್‌ಬ್ಯಾಕೇ ಕೈ ತೋರಿಸಿ, ಕೂಗಿ ಪ್ಲೇ ಬದಲಾಯಿಸ್ತಾನಾ ಅಂತ. 2024ರ ಸೀಸನ್ನಿಂದ ಕಾಲೇಜಲ್ಲೂ ಹೆಲ್ಮೆಟ್ ಒಳಗೆ ಕೋಚ್ ಮಾತು ಕೇಳೋ ವ್ಯವಸ್ಥೆ ಬಂದಿದೆ, ಪ್ಲೇ ಕ್ಲಾಕಲ್ಲಿ 15 ಸೆಕೆಂಡ್ ಉಳಿದಾಗ ಅದು ಬಂದ್ ಆಗತ್ತೆ. ಆ ಕೊನೆ 15 ಸೆಕೆಂಡಲ್ಲಿ ಅವನೇನ್ ಮಾಡ್ತಾನೆ ಅನ್ನೋದಕ್ಕೆ ಕಣ್ಣಿಡಿ.

ಹೆಜ್ಜೆ 3: ಅಂಕಿ ಅಂಶ, ಆದ್ರೆ ಸರಿಯಾದವು

ಕಾಲೇಜ್ ಪಾಸರ್ ರೇಟಿಂಗ್ ಲೆಕ್ಕ ಹೀಗಿದೆ. ಯಾರ್ಡ್‌ಗಳನ್ನ 8.4ರಿಂದ ಗುಣಿಸಿ, ಟಚ್‌ಡೌನನ್ನ 330ರಿಂದ, ಕಂಪ್ಲೀಷನನ್ನ 100ರಿಂದ, ಮೂರನ್ನೂ ಕೂಡಿ, ಇಂಟರ್‌ಸೆಪ್ಷನ್ನಿಗೆ 200ರಂತೆ ಕಳೀರಿ, ಬಂದಿದ್ದನ್ನ ಒಟ್ಟು ಎಸೆತಗಳಿಂದ ಭಾಗಿಸಿ. ಜೋ ಬರೋನ 2019ನೇ ವರ್ಷದ್ದು ಹಾಕಿ ನೋಡಿ, 527 ಎಸೆತ, 402 ಕಂಪ್ಲೀಷನ್. 47,636 ಮತ್ತೆ 19,800 ಮತ್ತೆ 40,200 ಕೂಡಿ 1,200 ಕಳೆದ್ರೆ 1,06,436, ಅದನ್ನ 527ರಿಂದ ಭಾಗಿಸಿದ್ರೆ ಸುಮಾರು 202. ಇದು ಎನ್‌ಎಫ್‌ಎಲ್ ರೇಟಿಂಗ್ ಅಲ್ಲ, ಅದರ ಗರಿಷ್ಠವೇ 158.3, ಎರಡನ್ನೂ ಒಂದೇ ತಕ್ಕಡೀಲಿ ಇಡ್ಬೇಡಿ.

ನನಗೆ ಇದಕ್ಕಿಂತ ಇಷ್ಟ ಆಗೋದು ಒಂದು ಎಸೆತಕ್ಕೆ ಎಷ್ಟು ಯಾರ್ಡ್ ಅನ್ನೋ ಸರಳ ಲೆಕ್ಕ, ಅದಕ್ಕೆ ಟಚ್‌ಡೌನ್ನಿಗೆ 20 ಯಾರ್ಡ್ ಕೂಡಿಸಿ ಇಂಟರ್‌ಸೆಪ್ಷನ್ನಿಗೆ 45 ಕಳೆದ್ರೆ ಇನ್ನೂ ಒಳ್ಳೇದು. ಹಾಗೆ ನೋಡಿದ್ರೆ ಜೋ ಬರೋ 2018ರಲ್ಲಿ 7.9, 2019ರಲ್ಲಿ 12.5.

ದೊಡ್ಡ ಸಂಖ್ಯೆ ಕಂಡಾಗ ಎಸೆತ ಎಷ್ಟು ಅಂತ ಮೊದಲು ಕೇಳಿ. 2016ರ ಅಕ್ಟೋಬರ್ 22ರಂದು ಲಬ್ಬಕ್‌ನಲ್ಲಿ ಟೆಕ್ಸಸ್ ಟೆಕ್‌ನ ಪ್ಯಾಟ್ರಿಕ್ ಮಹೋಮ್ಸ್ ಓಕ್ಲಹೋಮಾ ಎದುರು 734 ಯಾರ್ಡ್ ಎಸೆದ. ಕೇಳಿದ್ರೆ ಮೈ ಜುಮ್ ಅನ್ನತ್ತೆ. ಎಸೆದಿದ್ದು 88 ಸಲ, ಅಂದ್ರೆ ಎಸೆತಕ್ಕೆ 8.3 ಯಾರ್ಡ್, ಚೆನ್ನಾಗಿದೆ ಆದ್ರೆ ಜೋ ಬರೋ ಇಡೀ 2019ರಲ್ಲಿ 10.8 ಸರಾಸರಿ ಇಟ್ಕೊಂಡಿದ್ದ. ಆ ಮ್ಯಾಚು ಮಹೋಮ್ಸ್ 66-59ರಲ್ಲಿ ಸೋತ, ಆ ವರ್ಷ ಟೀಮ್ ಗೆದ್ದಿದ್ದು ಬರೀ ಐದು ಮ್ಯಾಚ್. ಆದ್ರೆ ಅದೇ ಮ್ಯಾಚನ್ನ ಅಂಕಿ ಮರೆತು ನೋಡಿದೋರಿಗೆ ಬೇರೆಯದೇ ಕಂಡಿತ್ತು. ಕಾಲು ಸರಿಯಾಗಿ ಊರಿಲ್ಲದೆ, ಪಕ್ಕಕ್ಕೆ ಓಡ್ತಾ, ಕೈ ಬೇರೆ ಬೇರೆ ಎತ್ತರದಿಂದ ಬೀಸಿ ಬಾಲನ್ನ ಬೇಕಾದ ಕಡೆ ಮುಟ್ಟಿಸೋ ಕೈಚಳಕ. 734 ಅನ್ನೋ ಅಂಕಿ ಆ ಸಂಜೆಯ ಆಟದ ರೀತಿಯಿಂದ ಬಂದಿದ್ದು, ಆ ಕೈ ಮಾತ್ರ ಅವನದೇ.

ಇನ್ನೊಂದು, ಕಾಲೇಜಲ್ಲಿ ಸ್ಯಾಕ್ (ಎಸೆಯೋ ಮುಂಚೆನೇ ಕ್ವಾರ್ಟರ್‌ಬ್ಯಾಕ್‌ನ ಕೆಡವೋದು) ಆದ್ರೆ ಕಳ್ಕೊಂಡ ಯಾರ್ಡನ್ನ ಓಟದ ಲೆಕ್ಕದಿಂದ ಕಳೀತಾರೆ, ಪಾಸಿಂದಲ್ಲ. ಹಾಗಾಗಿ ಮ್ಯಾಚಿಗೆ ಐದು ಸಲ ಬಾಲ್ ಹಿಡ್ಕೊಂಡು ಬೀಳೋ ಹುಡುಗನ ಪಾಸಿಂಗ್ ಅಂಕಿ ಹೊಳೀತಾನೇ ಇರತ್ತೆ. ಅವನ ಓಟದ ಲೆಕ್ಕದಲ್ಲಿ ಮೈನಸ್ 28 ಅಂತ ಕಂಡ್ರೆ ಅಲ್ಲಿ ಏನೋ ಕಥೆ ಇದೆ ಅಂತ ಅರ್ಥ.

ಹೆಜ್ಜೆ 4: ಸ್ನ್ಯಾಪಿಗೆ ಮುಂಚೆ ಮತ್ತೆ ಸ್ನ್ಯಾಪ್ ಆದ ತಕ್ಷಣ

ಬಾಲ್ ಹೊರಡೋಕ್ ಮುಂಚೆ ಡಿಫೆನ್ಸಿನ ಹಿಂದೆ ನಿಂತಿರೋ ಸೇಫ್ಟಿಗಳನ್ನ ನೀವೇ ಎಣಿಸಿ. ಹಿಂದಿನ ಜಾಗ ಹೇಗೆ ಕಾಯ್ತಾರೆ ಅನ್ನೋದಕ್ಕೆ ಕವರ್ ಅಂತಾರೆ. ನಡುವಲ್ಲಿ ಒಬ್ಬನೇ ಇದ್ರೆ ಸಾಮಾನ್ಯವಾಗಿ ಕವರ್ 1 ಇಲ್ಲಾ ಕವರ್ 3, ಇಬ್ರಿದ್ರೆ ಕವರ್ 2 ಇಲ್ಲಾ ಕವರ್ 4, ಹಿಂದೆ ಯಾರೂ ಇಲ್ಲ ಅಂದ್ರೆ ಬಹುಶಃ ಬ್ಲಿಟ್ಜ್ (ಹೆಚ್ಚು ಜನ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋದು) ಬರ್ತಿದೆ. ಅಫೆನ್ಸಿನ ಒಬ್ಬ ಈ ಕಡೆಯಿಂದ ಆ ಕಡೆಗೆ ಓಡಿದಾಗ ಒಬ್ಬ ಡಿಫೆಂಡರ್ ಅವನ ಬೆನ್ನು ಬಿದ್ರೆ ಮ್ಯಾನ್ (ಒಬ್ಬೊಬ್ಬನಿಗೆ ಒಬ್ಬ ಕಾವಲು), ನಿಂತಲ್ಲೇ ಸ್ವಲ್ಪ ಜರುಗಿದ್ರೆ ಬಹುಪಾಲು ಝೋನ್ (ಜಾಗಕ್ಕೆ ಕಾವಲು). ಇಷ್ಟು ಸೋಫಾದಲ್ಲಿ ಕೂತ ನಮಗೇ ಕಾಣತ್ತೆ, ಅವನಿಗೂ ಕಾಣ್ಬೇಕು.

ಕಷ್ಟ ಶುರು ಆಗೋದು ಇಲ್ಲಿಂದ. ಒಳ್ಳೆ ಡಿಫೆನ್ಸು ಒಂದು ತೋರಿಸಿ ಇನ್ನೊಂದು ಮಾಡತ್ತೆ. ಇಬ್ರು ಸೇಫ್ಟಿ ಹಿಂದೆ ನಿಂತಿರ್ತಾರೆ, ಸ್ನ್ಯಾಪ್ ಆದ ತಕ್ಷಣ ಒಬ್ಬ ಕೆಳಗೆ ಇಳಿದು ಸ್ಲ್ಯಾಂಟ್ (ರಿಸೀವರ್ ಓರೆಯಾಗಿ ಒಳಗೆ ಓಡೋದು) ದಾರಿಗೆ ಅಡ್ಡ ನಿಲ್ತಾನೆ. ಆ ಕ್ಷಣ ಕ್ವಾರ್ಟರ್‌ಬ್ಯಾಕಿನ ಹೆಲ್ಮೆಟ್ ನೋಡಿ. ಮೊದಲೇ ತಲೇಲಿ ಗಟ್ಟಿ ಮಾಡ್ಕೊಂಡು ಅಲ್ಲಿಗೇ ಎಸೆದ್ರೆ ಬಾಲ್ ಸೀದಾ ಆ ಸೇಫ್ಟಿ ಎದೆಗೆ. ಹೆಲ್ಮೆಟ್ ತಿರುಗಿ ಎರಡನೇ ರಿಸೀವರ್ ಕಡೆ, ಅಲ್ಲಿಂದ ಮೂರನೇಯವನ ಕಡೆ ಹೋದ್ರೆ ಹುಡುಗ ನಿಜವಾಗ್ಲೂ ಓದ್ತಿದಾನೆ. ಕೆಲವರು ಬೇಕಂತಲೇ ಎಡಗಡೆ ದಿಟ್ಟಿಸಿ ಸೇಫ್ಟಿಯನ್ನ ಎರಡು ಹೆಜ್ಜೆ ಎಡಕ್ಕೆ ಎಳೆದು, ಬಲಗಡೆ ಎಸೀತಾರೆ. ಇದನ್ನ ಒಂದು ಮ್ಯಾಚಲ್ಲಿ ಎರಡು ಸಲ ಕಂಡ್ರೂ ದೊಡ್ಡದಾಗಿ ಬರ್ಕೊಳ್ಳಿ, 20 ವರ್ಷದ ಹುಡುಗನಿಗೆ ಅದು ಸಣ್ಣ ವಿಷಯ ಅಲ್ಲ.

ಹೆಜ್ಜೆ 5: ಕಾಲು

ಎಲ್ಲರೂ ಕೈ ನೋಡ್ತಾರೆ. ಕೋಚ್ ನನಗೆ ಮೊದಲು ಕಲಿಸಿದ್ದು ಕಾಲು ನೋಡೋದು. ಒಂದು ಪೂರ್ತಿ ಕ್ವಾರ್ಟರ್ ಬಾಲ್ ಕಡೆ ನೋಡೋ ಹಾಗಿಲ್ಲ, ಬೂಟ್ ಅಷ್ಟೇ ನೋಡ್ಬೇಕು ಅಂತ ಕೂರಿಸ್ತಿದ್ರು, ಎಸೆತ ಏನಾಯ್ತು ಅಂತ ಜನರ ಕೂಗಲ್ಲೇ ತಿಳ್ಕೋಬೇಕಿತ್ತು. ನೀವೂ ಒಂದ್ಸಲ ಮಾಡಿ ನೋಡಿ, ಅರ್ಧ ಗಂಟೇಲಿ ಆಟ ಬೇರೆ ಥರ ಕಾಣೋಕೆ ಶುರು ಆಗತ್ತೆ.

ಏನು ಕಾಣತ್ತೆ ಅಂದ್ರೆ, ಶಾಟ್‌ಗನ್‌ನಲ್ಲಿ, ಅಂದ್ರೆ ಕ್ವಾರ್ಟರ್‌ಬ್ಯಾಕ್ ಕೆಲವು ಯಾರ್ಡ್ ಹಿಂದೆ ನಿಂತಾಗ, ಬಾಲ್ ಕೈಗೆ ಬಂದ್ಮೇಲೆ ಮೂರು ಹೆಜ್ಜೆ ಹಿಂದೆ, ಹಿಂದಿನ ಕಾಲು ನೆಲ ಕಚ್ಚತ್ತೆ, ಮೊದಲ ರಿಸೀವರ್ ಖಾಲಿ ಇದ್ರೆ ಅಲ್ಲೇ ಬಾಲ್ ಹೊರಡ್ಬೇಕು. ಖಾಲಿ ಇಲ್ಲ ಅಂದ್ರೆ ಒಂದು ಸಣ್ಣ ಹಾರು ಹೆಜ್ಜೆ ಮುಂದಕ್ಕೆ, ಎರಡನೇಯವನು. ಮತ್ತೊಂದು ಸಣ್ಣ ಹೆಜ್ಜೆ, ಮೂರನೇಯವನು. ಕಾಲೂ ಕಣ್ಣೂ ಒಂದೇ ತಾಳದಲ್ಲಿ ಹೋಗ್ಬೇಕು, ತಬಲಾದೋನು ಹಾಡೋನು ಕೂಡಿದ ಹಾಗೆ. ಕಣ್ಣು ಮೂರನೇಯವನ ಕಡೆ ಹೋಗಿ ಕಾಲು ಇನ್ನೂ ಮೊದಲನೇಯವನ ಕಡೆಗೇ ತಿರುಗಿದ್ರೆ ಬಾಲ್ ರಿಸೀವರ್ ಬೆನ್ನ ಹಿಂದೆ ಬೀಳತ್ತೆ, ಜನ ಕೈ ಸರಿ ಇಲ್ಲ ಅಂತಾರೆ, ಕೈ ಪಾಪ ಸರಿಯಾಗೇ ಇರತ್ತೆ.

ಇನ್ನೊಂದು ಕೆಟ್ಟ ಚಾಳಿ ಹಿಂದಿನ ಕಾಲ ಮೇಲೆ ಒರಗಿ ಎಸೆಯೋದು. ಯಾರೋ ಬಂದು ಬಡೀತಾರೆ ಅನ್ನೋ ಭಯಕ್ಕೆ ಮೈ ಹಿಂದಕ್ಕೆ ವಾಲತ್ತೆ, ಬಾಲ್ ಮೇಲೆ ಹಾರತ್ತೆ. ಭಯ ಪಡೋಕೆ ಕಾರಣ ಇದ್ದಾಗ ಹಾಗಾದ್ರೆ ಕ್ಷಮೆ ಇದೆ. ಸುತ್ತ ಯಾರೂ ಇಲ್ದಾಗಲೂ ಹಾಗೇ ಎಸೀತಿದ್ರೆ ಅದು ಅಭ್ಯಾಸ ಆಗಿಬಿಟ್ಟಿದೆ, ಬಿಡಿಸೋಕೆ ಟೈಮ್ ಬೇಕು.

ಹೆಜ್ಜೆ 6: ಗುರಿ, ಅಂದ್ರೆ ಕಂಪ್ಲೀಷನ್ ಶೇಕಡಾ ಅಲ್ಲ

ರಿಸೀವರ್ ಬಾಲ್ ಹಿಡಿದ್ನಾ ಅನ್ನೋದು ಒಂದು ವಿಷಯ, ಹಿಡಿದ್ಮೇಲೆ ಓಡೋಕಾಯ್ತಾ ಅನ್ನೋದು ಇನ್ನೊಂದು. ಸ್ಲ್ಯಾಂಟ್ ರೂಟಲ್ಲಿ ಬಾಲ್ ಓಡ್ತಿರೋನ ಎದೆಯಿಂದ ಸ್ವಲ್ಪ ಮುಂದೆ ಬಂದ್ರೆ ಅವನು ವೇಗ ಬಿಡದೆ ಓಡ್ತಾನೆ, ಬೆನ್ನ ಕಡೆ ಬಂದ್ರೆ ತಿರುಗಿ, ನಿಂತು, ಹಿಡಿದು ಅಲ್ಲೇ ಬೀಳ್ತಾನೆ. ಸ್ಕೋರ್‌ಕಾರ್ಡಲ್ಲಿ ಎರಡೂ ಕಂಪ್ಲೀಷನ್ನೇ. ಡಿಫೆಂಡರ್ ಮೈಗೆ ಅಂಟಿದ್ದಾಗ ಬಾಲ್ ಅವನಿಂದ ದೂರದ ಭುಜಕ್ಕೆ ಹೋಗ್ಬೇಕು, ತಮ್ಮವನಿಗೆ ಸಿಗ್ಬೇಕು, ಇಲ್ಲಾ ಯಾರಿಗೂ ಸಿಗ್ಬಾರ್ದು. ನಾನು ಪ್ರತಿ ಎಸೆತಕ್ಕೆ 2, 1, 0 ಅಂತ ಹಾಕ್ತೀನಿ. ಓಡ್ತಾ ಓಡ್ತಾ ಹಿಡಿಯೋ ಹಾಗಿದ್ರೆ 2, ಹಿಡಿಯೋಕೆ ಒದ್ದಾಡಿದ್ರೆ 1, ಯಾರ ಕೈಗೂ ಸಿಗದ ಹಾಗಿದ್ರೆ 0. ರಿಸೀವರ್ ಕೈಬಿಟ್ರೂ 2 ಅಂದ್ರೆ 2ನೇ.

ಶೇಕಡಾ ಲೆಕ್ಕ ಎಷ್ಟು ದಾರಿ ತಪ್ಪಿಸತ್ತೆ ಅನ್ನೋದಕ್ಕೆ ಎರಡು ತುದಿ ನೋಡಿ. 2023ರಲ್ಲಿ ಓರೆಗಾನ್‌ನ ಬೋ ನಿಕ್ಸ್ 77% ದಾಟಿದ, ಅದ್ರಲ್ಲಿ ಹತ್ತಿರದ ಸುಲಭ ಎಸೆತಗಳ ಪಾಲು ದೊಡ್ಡದಿತ್ತು, ಹಾಗಂತ ಅವನಿಗೆ ದೂರ ಎಸೆಯೋಕೆ ಬರಲ್ಲ ಅಂತಲ್ಲ, ದೂರದ್ದನ್ನ ಬೇರೆ ತೆಗೆದು ನೋಡ್ಬೇಕು ಅಂತ. ಆ ಕಡೆ ವಯೋಮಿಂಗ್‌ನ ಜಾಶ್ ಆಲನ್ ಕಾಲೇಜಲ್ಲಿ 56% ಹತ್ತಿರ, ಅವನು ಆಡ್ತಿದ್ದ ಲಾರಮಿ ಊರಿನ ಮೈದಾನ 7,220 ಅಡಿ ಎತ್ತರದಲ್ಲಿದೆ, ಗಾಳಿ ಜಾಸ್ತಿ, ರಿಸೀವರ್‌ಗಳು ಸಾಧಾರಣ. 2018ರಲ್ಲಿ ಎನ್‌ಎಫ್‌ಎಲ್‌ನ ಬಫಲೋ ಬಿಲ್ಸ್ 7ನೇ ಆಯ್ಕೆಯಾಗಿ ತಗೊಂಡ್ರು, ಮೊದಲ ವರ್ಷ 52.8%, ಎರಡನೇ ವರ್ಷ 58.8%, ಮೂರನೇ ವರ್ಷ 69.2%. ಇದನ್ನ ನೋಡಿ ಗುರಿ ಇಲ್ಲದ ಪ್ರತಿ ಗಟ್ಟಿಕೈ ಹುಡುಗನೂ ಆಲನ್ ಆಗ್ತಾನೆ ಅನ್ಕೊಂಡೋರು ಬಹಳ ಜನ ಮೋಸ ಹೋಗಿದಾರೆ. ಆಲನ್ ಕಾಲಿನ ಕೆಲಸ ಪೂರ್ತಿ ತಿದ್ದಿಸ್ಕೊಂಡ, ಅಷ್ಟು ಪಟ್ಟು ಹಿಡಿಯೋರು ಕಮ್ಮಿ.

ಹೆಜ್ಜೆ 7: ತೋಳಿನ ಶಕ್ತಿ ನೋಡೋ ಒಂದೇ ಒಂದು ಎಸೆತ

60 ಯಾರ್ಡ್ ದೂರ ಎಸೆಯೋದನ್ನ ನೋಡಿ ಬೆರಗಾಗ್ಬೇಡಿ, ಮ್ಯಾಚಿಗೆ ಅಂಥದ್ದು ಒಂದೋ ಎರಡೋ. ಹ್ಯಾಶ್ ಮಾರ್ಕ್ ನೋಡಿ, ಪ್ಲೇ ಶುರು ಆಗೋ ಜಾಗದ ಎಡ ಬಲ ಮಿತಿ ತೋರಿಸೋ ಗುರುತು ಅವು. ಮೈದಾನದ ಅಗಲ 160 ಅಡಿ. ಕಾಲೇಜಲ್ಲಿ ಎರಡು ಹ್ಯಾಶ್ ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಅಂದ್ರೆ ಕಾಲೇಜಲ್ಲಿ ಎಡ ಹ್ಯಾಶಿಂದ ಸ್ನ್ಯಾಪ್ ಆದ್ರೆ ಬಲ ಸೈಡ್‌ಲೈನ್ 100 ಅಡಿ ದೂರ. ಅಲ್ಲಿಗೆ ಒಂದು 12 ಯಾರ್ಡ್ ಔಟ್ ರೂಟ್ (ರಿಸೀವರ್ ಮುಂದೆ ಓಡಿ ಸೈಡ್‌ಲೈನ್ ಕಡೆ ತಿರುಗೋದು) ಎಸೀಬೇಕು. ಹೆಸರಿಗೆ 12 ಯಾರ್ಡ್, ಆದ್ರೆ ಕ್ವಾರ್ಟರ್‌ಬ್ಯಾಕ್ ಲೈನಿಂದ ಆರೇಳು ಯಾರ್ಡ್ ಹಿಂದೆ ನಿಂತಿರ್ತಾನೆ, ಅಡ್ಡಡ್ಡ 31 ಯಾರ್ಡ್ ದಾಟ್ಬೇಕು, ಪೈಥಾಗೊರಸ್ ಹಾಕಿದ್ರೆ ಬಾಲ್ ಗಾಳಿಯಲ್ಲಿ ಹೋಗೋದು ಸುಮಾರು 36 ಯಾರ್ಡ್. ಅದೂ ಕಮಾನಾಗಿ ಹೋಗೋ ಹಾಗಿಲ್ಲ, ನೇರ ಹೋಗ್ಬೇಕು, ತೇಲಿದ್ರೆ ಕಾರ್ನರ್‌ಬ್ಯಾಕ್ ಮಧ್ಯದಲ್ಲೇ ಕಿತ್ಕೊಂಡು ಆ ಕಡೆ ಟಚ್‌ಡೌನಿಗೆ ಓಡ್ತಾನೆ.

ಈ ಎಸೆತವನ್ನ ಧೈರ್ಯವಾಗಿ ಎಸೀತಾನಾ, ಎಸೆದ್ರೆ ರಿಸೀವರ್ ತಿರುಗೋಕ್ ಮುಂಚೆನೇ ಬಾಲ್ ಕೈ ಬಿಟ್ಟಿರತ್ತಾ ಅಂತ ನೋಡಿ. ತೋಳು ಸ್ವಲ್ಪ ಕಮ್ಮಿ ಇದ್ರೂ ಮುಂಚೆ ಎಸೆಯೋನು ಗೆಲ್ತಾನೆ. ನಾಲ್ಕು ಮ್ಯಾಚಲ್ಲಿ ಒಂದು ಸಲನೂ ಇದನ್ನ ಪ್ರಯತ್ನ ಮಾಡ್ಲಿಲ್ಲ ಅಂದ್ರೆ ಕೋಚಿಗೇ ಅವನ ತೋಳಿನ ಮೇಲೆ ನಂಬಿಕೆ ಇಲ್ಲದೆ ಇರ್ಬಹುದು, ಅದನ್ನೂ ಬರ್ಕೊಳ್ಳಿ.

ಹೆಜ್ಜೆ 8: ಮೈಮೇಲೆ ಬಂದಾಗ

2019ರ ಸೆಪ್ಟೆಂಬರ್ 7, ಆಸ್ಟಿನ್. ಎಲ್‌ಎಸ್‌ಯು ಟೆಕ್ಸಸ್ ಎದುರು ಆರು ಪಾಯಿಂಟ್ ಮುಂದಿದೆ, ಮ್ಯಾಚ್ ಮುಗಿಯೋಕೆ ಸುಮಾರು ಎರಡೂವರೆ ನಿಮಿಷ, ಮೂರನೇ ಡೌನ್, ಬೇಕಿರೋದು 17 ಯಾರ್ಡ್. ಇಲ್ಲಿ ಸಿಗ್ಲಿಲ್ಲ ಅಂದ್ರೆ ಬಾಲ್ ಟೆಕ್ಸಸ್ ಕೈಗೆ, ಒಂದು ಟಚ್‌ಡೌನೂ ಅದರ ಮೇಲಿನ ಒಂದು ಪಾಯಿಂಟ್ ಕಿಕ್ಕೂ ಆದ್ರೆ ಅವರೇ ಮುಂದೆ. ಟೆಕ್ಸಸ್ ಬ್ಲಿಟ್ಜ್ ಕಳಿಸತ್ತೆ. ಜೋ ಬರೋ ಓಡಲ್ಲ, ತಲೆ ತಗ್ಗಿಸಲ್ಲ, ಪಾಕೆಟ್ ಒಳಗೇ ಸ್ವಲ್ಪ ಜರುಗಿ ಜಾಗ ಮಾಡ್ಕೊಂಡು, ಕಣ್ಣು ದೂರದಲ್ಲೇ ಇಟ್ಟು, ಮೈಮೇಲೆ ಬೀಳೋಕ್ ಬರ್ತಿದ್ರೂ ನಡುವಲ್ಲಿ ಓಡ್ತಿರೋ ಜಸ್ಟಿನ್ ಜೆಫರ್ಸನ್‌ಗೆ ಎಸೀತಾನೆ. 61 ಯಾರ್ಡ್ ಟಚ್‌ಡೌನ್. ಮ್ಯಾಚ್ 45-38. ಆ ಒಂದು ಪ್ಲೇನ ಹತ್ತು ಸಲ ನಿಧಾನಕ್ಕೆ ಓಡಿಸಿ ಅವನ ಹೆಲ್ಮೆಟ್ ಮಾತ್ರ ನೋಡಿ. ಮುಖ ಒಂದ್ಸಲನೂ ಬರ್ತಿರೋರ ಕಡೆ ಇಳಿಯಲ್ಲ. ಪಾಕೆಟ್ ಪ್ರೆಸೆನ್ಸ್ ಅಂತ ಕಾಮೆಂಟೇಟರ್‌ಗಳು ಹೇಳೋದು ಇದನ್ನೇ.

ಇದಕ್ಕೆ ಉಲ್ಟಾ ಲಕ್ಷಣ ಏನಂದ್ರೆ, ಯಾರೋ ಹತ್ತಿರ ಬಂದ್ರು ಅಂದ ತಕ್ಷಣ ಕಣ್ಣು ಕೆಳಗಿಳಿಯೋದು, ಹಿಂದೆ ಹಿಂದೆ ಓಡೋದು, ಆರು ಯಾರ್ಡಿನ ಸ್ಯಾಕ್ 15 ಯಾರ್ಡಿನದ್ದು ಆಗೋದು. ಎಷ್ಟು ಸಲ ಒತ್ತಡ ಬಂತು, ಅದ್ರಲ್ಲಿ ಎಷ್ಟು ಸ್ಯಾಕ್ ಆಯ್ತು ಅಂತ ಎರಡು ಸಂಖ್ಯೆ ಬರ್ಕೊಳ್ಳಿ. ಸ್ಯಾಕ್ ಎಲ್ಲಾ ಮುಂದೆ ನಿಂತು ಕಾಯೋ ಲೈನ್‌ಮನ್‌ಗಳ ತಪ್ಪು ಅನ್ನೋ ನಂಬಿಕೆ ಇದೆ, ನನಗೂ ಇತ್ತು, ಆದ್ರೆ ಬಾಲ್ ಹಿಡ್ಕೊಂಡು ಕಾಯೋ ಚಾಳಿ ಹುಡುಗನ ಜೊತೇಲೇ ಮುಂದಿನ ಟೀಮಿಗೂ ಬರತ್ತೆ. ಕೇಲಬ್ ವಿಲಿಯಮ್ಸ್ ಯುಎಸ್‌ಸಿ ಕಾಲೇಜಲ್ಲಿ ಬಾಲ್ ಹಿಡ್ಕೊಂಡು ತಪ್ಪಿಸ್ಕೊಂಡು ಮಾಡ್ತಿದ್ದ ಜಾದೂಗೆ 2022ರ ಹೈಸ್ಮನ್ ಬಂತು, 2024ರಲ್ಲಿ ಎನ್‌ಎಫ್‌ಎಲ್‌ನ ಮೊದಲ ವರ್ಷವೇ 68 ಸ್ಯಾಕ್. ಅವನ ಲೈನ್ ದುರ್ಬಲ ಇತ್ತು ಅನ್ನೋದು ಹೌದು, ಅರ್ಧ ಕಾರಣ ಅಷ್ಟೇ.

ಹೆಜ್ಜೆ 9: ನಿರ್ಧಾರ ಬೇರೆ, ಫಲಿತಾಂಶ ಬೇರೆ

ಆ ಎರಡು ಗುರುತಿಗೆ ಈಗ ಬರೋಣ. ಇಂಟರ್‌ಸೆಪ್ಷನ್ ಎಲ್ಲಾ ಒಂದೇ ಅಲ್ಲ. ಸರಿಯಾಗಿ ಎಸೆದ ಬಾಲ್ ರಿಸೀವರ್ ಕೈಗೆ ಬಡಿದು ಮೇಲೆ ಹಾರಿ ಡಿಫೆಂಡರ್‌ಗೆ ಸಿಗೋದು ಒಂದು ಥರ, ಮೂರು ಜನರ ನಡುವೆ ತುರುಕೋಕೆ ಹೋಗಿ ಕಳ್ಕೊಳ್ಳೋದು ಇನ್ನೊಂದು ಥರ, ಮ್ಯಾಚ್ ಕೊನೇಲಿ ಬೇರೆ ದಾರಿ ಇಲ್ದೆ ಎತ್ತಿ ಎಸೆದಿದ್ದು ಮತ್ತೊಂದು. ಸ್ಕೋರ್‌ಕಾರ್ಡಲ್ಲಿ ಮೂರಕ್ಕೂ ಒಂದೇ ಶಿಕ್ಷೆ. ನಿಮ್ಮ ನೋಟ್‌ಬುಕ್ಕಲ್ಲಿ ಮೊದಲನೇದಕ್ಕೆ ನಿರ್ಧಾರದ ಕಾಲಮ್ಮಲ್ಲಿ ಸರಿ ಗುರುತು ಹಾಕಿ.

ಅದಕ್ಕಿಂತ ಮುಖ್ಯ, ಡಿಫೆಂಡರ್ ಕೈಗೆ ಬಂದು ಕೈಬಿಟ್ಟು ಬಿದ್ದ ಬಾಲ್‌ಗಳನ್ನ ಎಣಿಸಿ. ಯಾವ ಸ್ಕೋರ್‌ಕಾರ್ಡಲ್ಲೂ ಅವು ಬರೀ ಇನ್‌ಕಂಪ್ಲೀಟ್ ಅಂತ ಹೋಗ್ಬಿಡ್ತವೆ. ನಾಲ್ಕು ಮ್ಯಾಚಲ್ಲಿ ಒಂದು ಇಂಟರ್‌ಸೆಪ್ಷನ್, ಅಂಥ ಅದೃಷ್ಟದ ಪಾರಾಗೋದು ಆರು ಅಂದ್ರೆ ಆ ಹುಡುಗನ ನಿಜವಾದ ಲೆಕ್ಕ ಏಳು, ಮುಂದಿನ ವರ್ಷ ಸಾಲ ವಾಪಸ್ ಕೇಳೋಕೆ ಬರತ್ತೆ. ಮೂರನೇ ಡೌನಲ್ಲಿ ಯಾರೂ ಖಾಲಿ ಇಲ್ದಾಗ ಬಾಲನ್ನ ಮೈದಾನದ ಆಚೆ ಎಸೆದು ಕೈ ತೊಳ್ಕೊಳ್ಳೋನಿಗೆ ಮನೆಲಿ ಕೂತೋರು ಬೈತಾರೆ, ನೀವು ಸರಿ ಗುರುತು ಹಾಕಿ.

ಹೆಜ್ಜೆ 10: ಎದುರಾಳಿ ಯಾರು, ಜೊತೆಗಾರರು ಯಾರು

ಚಿನ್ನಸ್ವಾಮಿಯಲ್ಲಿ ಹಗ್ಗ ದಾಟಿದ ಎಷ್ಟೋ ಸಿಕ್ಸರ್ ಮೆಲ್ಬರ್ನ್‌ನಲ್ಲಿ ಬೌಂಡರಿ ಹತ್ರ ಕ್ಯಾಚ್ ಆಗತ್ತೆ ಅಂತ ನಮಗೆಲ್ಲ ಗೊತ್ತು. ಇಲ್ಲೂ ಅದೇ. 2020ರ ಅಲಬಾಮಾದಲ್ಲಿ ಮ್ಯಾಕ್ ಜೋನ್ಸ್ 77.4% ಕಂಪ್ಲೀಷನ್, ಅವನ ರಿಸೀವರ್ ಡೆವಾಂಟಾ ಸ್ಮಿತ್ ಅದೇ ವರ್ಷ ಹೈಸ್ಮನ್ ಗೆದ್ದ, ಇನ್ನೊಬ್ಬ ಜೇಲನ್ ವಾಡಲ್, ಇಬ್ರೂ ಮುಂದಿನ ಡ್ರಾಫ್ಟಿನ ಮೊದಲ ಸುತ್ತಲ್ಲೇ ಹೋದ್ರು. ಜೋನ್ಸ್ ನಿಖರವಾಗಿ ಎಸೆದಿದ್ದು ನಿಜ. ಆದ್ರೆ ಐದು ಯಾರ್ಡ್ ಖಾಲಿ ಜಾಗದಲ್ಲಿ ನಿಂತೋನಿಗೆ ಎಸೆಯೋದಕ್ಕೂ ಒಂದು ಅಡಿ ಸಂದಿಯಲ್ಲಿ ತೂರಿಸೋದಕ್ಕೂ ವ್ಯತ್ಯಾಸ ಇದೆ, ಆ ಎರಡನೇ ಥರದ್ದನ್ನ ಹುಡುಕಿ ಹುಡುಕಿ ಎಣಿಸ್ಬೇಕಿತ್ತು.

ಅದೇ ವರ್ಷ ನಾನು ತಪ್ಪಿದ್ದು ಬಿವೈಯು (ಬ್ರಿಗಮ್ ಯಂಗ್ ಯೂನಿವರ್ಸಿಟಿ) ಟೀಮಿನ ಝಾಕ್ ವಿಲ್ಸನ್ ವಿಷಯದಲ್ಲಿ. 73.5%, 33 ಟಚ್‌ಡೌನ್, 3 ಇಂಟರ್‌ಸೆಪ್ಷನ್, ಆ ತೋಳು ನೋಡಿ ನಾನು ಎಲ್ಲರ ಹತ್ರ ಇವನೇ ಅಂತ ಹೇಳ್ಕೊಂಡು ಓಡಾಡಿದೆ. ಆ ವರ್ಷ ಕೊರೊನಾ ಕಾರಣಕ್ಕೆ ಬಿವೈಯು ವೇಳಾಪಟ್ಟಿಯಲ್ಲಿದ್ದ ದೊಡ್ಡ ಟೀಮುಗಳೆಲ್ಲ ಬಿಟ್ಟುಹೋಗಿದ್ವು, ಹೆಚ್ಚಿನ ಮ್ಯಾಚಲ್ಲಿ ಅವನ ಜರ್ಸಿಗೆ ಮಣ್ಣೇ ಹತ್ತಿರ್ಲಿಲ್ಲ. ಡಿಸೆಂಬರ್ 5ಕ್ಕೆ ಕೋಸ್ಟಲ್ ಕ್ಯಾರೋಲಿನಾ ಎದುರು ಮೈಮುಟ್ಟಿ ಆಡೋ ಡಿಫೆನ್ಸ್ ಸಿಕ್ತು, 22-17ರಲ್ಲಿ ಸೋಲು. ನಾನು ಆ ಮ್ಯಾಚನ್ನ ಒಂದು ಕೆಟ್ಟ ದಿನ ಅಂತ ಬದಿಗೆ ತಳ್ಳಿದ್ದೆ. 2021ರಲ್ಲಿ ಎರಡನೇ ಆಯ್ಕೆಯಾಗಿ ಹೋದೋನು ಎನ್‌ಎಫ್‌ಎಲ್‌ನ ನ್ಯೂಯಾರ್ಕ್ ಜೆಟ್ಸ್‌ನಲ್ಲಿ ನೆಲೆ ನಿಲ್ಲಲಿಲ್ಲ. ಸೋತ ಮ್ಯಾಚ್ ಮೊದಲು ನೋಡಿ ಅಂತ ಇಷ್ಟು ಗಟ್ಟಿಯಾಗಿ ಹೇಳ್ತಿರೋದು ಅದಕ್ಕೇ.

ಹೆಜ್ಜೆ 11: ಮೈಕಟ್ಟು, ಓಟ, ವಯಸ್ಸು

ಎತ್ತರದ ಬಗ್ಗೆ ಮೊದಲಿನಷ್ಟು ತಲೆ ಕೆಡಿಸ್ಕೊಳ್ಳೋ ಕಾಲ ಹೋಯ್ತು, 5 ಅಡಿ 10 ಇಂಚಿನ ಕೈಲರ್ ಮರ್ರಿ, ಬ್ರೈಸ್ ಯಂಗ್ ಇಬ್ರೂ ಡ್ರಾಫ್ಟಿನ ಮೊದಲ ಆಯ್ಕೆಗಳೇ. ಗಿಡ್ಡ ಇದ್ರೆ ಲೈನ್ ಮುಂದೆ ಬಂದ ಕೈಗಳಿಗೆ ಬಾಲ್ ಎಷ್ಟು ಸಲ ಬಡೀತು, ನಡುವಿನ ಎಸೆತ ಬಿಟ್ಟು ಬರೀ ಪಕ್ಕಕ್ಕೇ ಎಸೀತಾನಾ ಅಂತ ನೋಡ್ಕೊಳ್ಳಿ ಸಾಕು. ಓಡೋನಾದ್ರೆ ಎಷ್ಟು ಯಾರ್ಡ್ ಅನ್ನೋದಕ್ಕಿಂತ ಕೊನೇಲಿ ಜಾರಿ ಕೂರ್ತಾನಾ, ಇಲ್ಲಾ ಪ್ರತಿ ಸಲ ಭುಜ ಕೊಟ್ಟು ಬಡಿಸ್ಕೊಳ್ತಾನಾ ಅನ್ನೋದು ಮುಖ್ಯ.

ವಯಸ್ಸು ಮಾತ್ರ ಮರೀಬೇಡಿ. ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜ್ ಬದಲಾಯಿಸೋಕೆ ಆಟಗಾರರು ಹೆಸರು ಹಾಕೋ ವ್ಯವಸ್ಥೆ) ಬಂದ್ಮೇಲೆ, ಕೊರೊನಾ ವರ್ಷಕ್ಕೆ ಹೆಚ್ಚುವರಿ ಸೀಸನ್ ಕೊಟ್ಮೇಲೆ, 23-24 ವರ್ಷದೋರು 19ರ ಹುಡುಗರ ಎದುರು ಆಡೋದು ಮಾಮೂಲಾಯ್ತು. ಬೋ ನಿಕ್ಸ್ ಆಬರ್ನ್, ಓರೆಗಾನ್ ಎರಡೂ ಕಡೆ ಸೇರಿ 61 ಮ್ಯಾಚ್ ಶುರು ಮಾಡಿದ. ಜೇಡನ್ ಡೇನಿಯಲ್ಸ್ ಅರಿಝೋನಾ ಸ್ಟೇಟಲ್ಲಿ ಮೂರು ವರ್ಷ ಕಳೆದು ಎಲ್‌ಎಸ್‌ಯುಗೆ ಬಂದು 2023ರಲ್ಲಿ 40 ಟಚ್‌ಡೌನ್ ಎಸೆದು 1,134 ಯಾರ್ಡ್ ಓಡಿ ಹೈಸ್ಮನ್ ಗೆದ್ದ. ಅನುಭವದಿಂದ ಬಂದ ಬೆಳವಣಿಗೆ ಬೆಳವಣಿಗೆನೇ, ಆದ್ರೆ ಎರಡನೇ ವರ್ಷದ ಹುಡುಗ ಅದರ ಹತ್ತಿರ ಹತ್ತಿರ ಆಡಿದ್ರೆ ಅವನ ಮುಂದೆ ಇನ್ನೂ ದಾರಿ ಉದ್ದ ಇದೆ ಅಂತ ಲೆಕ್ಕ.

ಹೆಜ್ಜೆ 12: ಬರೆಯೋದು

ನಾಲ್ಕು ಮ್ಯಾಚ್ ಮುಗಿದ್ಮೇಲೆ ಒಂದೇ ಪುಟ ಬರೀರಿ. ಬಲಹೀನತೆ ಬರೆಯುವಾಗ ಪಕ್ಕದಲ್ಲಿ ತಿದ್ದೋಕಾಗತ್ತಾ ಅಂತನೂ ಬರೀಬೇಕು. ಕಾಲಿನ ಕೆಲಸ ತಿದ್ದಬಹುದು. ತೋಳು ಸ್ವಲ್ಪ ಬೆಳೆಯತ್ತೆ. ನಿಧಾನವಾಗಿ ಓದೋದು, ಒತ್ತಡಕ್ಕೆ ಕಣ್ಣಿಳಿಸೋದು ತಿದ್ದೋಕೆ ತುಂಬಾ ಕಷ್ಟ. ಭಾಷೆ ಬಗ್ಗೆ ಒಂದು ಮಾತು, ಇವರಿನ್ನೂ ಹತ್ತೊಂಬತ್ತು ಇಪ್ಪತ್ತರ ಮಕ್ಕಳು, ನಮ್ಮಲ್ಲಿ ಎಷ್ಟೋ ಜನರ ಮನೇಲಿ ಅದೇ ವಯಸ್ಸಿನೋರು ಇದಾರೆ. ಆಟದ ತಪ್ಪು ಬರೀರಿ, ಹುಡುಗನ್ನ ಹೀಯಾಳಿಸ್ಬೇಡಿ.

ಬರೋನ 2018ರ ಸೀಸನ್ ಮೇಲೆ ಈಗ ಕೂತು ಬರೆದ್ರೆ ನನ್ನ ಪುಟ ಹೀಗಿರತ್ತೆ. ಬಲ: ಪಾಕೆಟಲ್ಲಿ ಹೆದರಲ್ಲ, 379 ಎಸೆತಕ್ಕೆ 5 ಇಂಟರ್‌ಸೆಪ್ಷನ್, ಪೆಟ್ಟು ತಿಂದು ಎದ್ದು ಮುಂದಿನ ಪ್ಲೇಗೆ ಅದೇ ಮುಖದಲ್ಲಿ ನಿಲ್ತಾನೆ. ಬಲಹೀನತೆ: ತೋಳು ಸಾಧಾರಣ, ಇದು ಪೂರ್ತಿ ತಿದ್ದೋಕಾಗಲ್ಲ. ಎರಡೇ ರಿಸೀವರ್ ನೋಡಿ ಓಡ್ಬಿಡ್ತಾನೆ, ಇದು ಅಫೆನ್ಸ್ ಬದಲಾದ್ರೆ ಸರಿ ಹೋಗ್ಬಹುದು. 2019ಕ್ಕೆ ಜೋ ಬ್ರೇಡಿ ಅನ್ನೋ ಕೋಚ್ ಬಂದು ಪಾಸಿಂಗ್ ಆಟ ಬದಲಾಯಿಸಿದಾಗ ಆದದ್ದು ಅದೇ. ಅವನ ಮೇಲೆ ಕೆಲಸ ಶುರು ಮಾಡೋರು 2019ರ ಜನವರಿ 1ರ ಫಿಯೆಸ್ಟಾ ಬೌಲ್‌ನಿಂದ (2018ರ ಸೀಸನ್ನಿನ ಕೊನೆ ಮ್ಯಾಚ್) ಶುರು ಮಾಡಿ, ಎದುರು ಯುಸಿಎಫ್ ಕಾಲೇಜ್. ಮೊದಲ ಭಾಗದಲ್ಲೇ ಅವನ ಒಂದು ಪಾಸ್ ಇಂಟರ್‌ಸೆಪ್ಟ್ ಆಗಿ ಟಚ್‌ಡೌನ್ ಹೋಗತ್ತೆ, ಅದನ್ನ ತಡೆಯೋಕೆ ಓಡ್ತಿದ್ದೋನಿಗೆ ಯುಸಿಎಫ್‌ನ ಒಬ್ಬ ದೈತ್ಯ ಬಂದು ಗುದ್ದಿ ನೆಲಕ್ಕೆ ಕೆಡವ್ತಾನೆ. ಅಲ್ಲಿ ವಿಡಿಯೋ ನಿಲ್ಲಿಸ್ಬೇಡಿ, ಓಡೋಕೆ ಬಿಟ್ಟು ನೋಡಿ. ಎದ್ದು ಬರ್ತಾನೆ, 394 ಯಾರ್ಡ್, 4 ಟಚ್‌ಡೌನ್ ಎಸೆದು 40-32ರಲ್ಲಿ ಗೆಲ್ತಾನೆ. ಆ ಪೆಟ್ಟಾದ್ಮೇಲೆ ಅವನ ಪ್ರತಿ ಎಸೆತಕ್ಕೂ ಒಂದೊಂದು ಸಾಲು ಬರೀತಾ ಹೋಗಿ, ಹಿಂದಿನ ಕಾಲ ಮೇಲೆ ಒರಗ್ತಾನಾ ಅಂತ ನೋಡ್ತಾ.